ಮರಳು ಗುಡ್ಡೆಯ ಖಾತಾ

ಬನಶಂಕರಿ ಎರಡನೇ ಹಂತದ ನಮ್ಮ ಅಡ್ಡರಸ್ತೆಯಲ್ಲಿ 2005ರ ಜನವರಿ ಹನ್ನೊಂದರಂದು ಒಂದು ಲೋಡ್ ಮರಳು ಬಂದು ಬಿದ್ದಿತು. ಸದರಿ ಮರಳು ಇಂದಿಗೂ ಅಲ್ಲಿಯೇ ಇದ್ದು, ಕ್ಷೇಮವಾಗಿದೆ. ರಸ್ತೆಯ ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿ ಇದನ್ನು ದಾಖಲಿಸುವುದು ನನ್ನ ಕರ್ತವ್ಯ.

ಮರಳು ತರಿಸಿದವರು ನಿವೃತ್ತ ಹೆಡ್ ಕ್ಲಾರ್ಕ್ ಪರಮಶಿವಯ್ಯನವರು. ತರಿಸಿದ್ದು ಅವರ ತಾಯಿ ಬಸವಲಿಂಗಮ್ಮನವರಿಗಾಗಿ. ಎಂಬತ್ತೊಂದು ದಾಟಿದ ಆ ತಾಯಿಗೆ ಮಂಡಿ ಮಡಚುವುದಿಲ್ಲ. ಮನೆಯ ಪಾಯಿಖಾನೆಯಾದರೋ ಹಿತ್ತಲಲ್ಲಿದೆ, ನಾಲ್ಕು ಮೆಟ್ಟಿಲು ಇಳಿದು ಹೋಗಿ ಕುಕ್ಕರಗಾಲಲ್ಲಿ ಕೂರುವಂಥದ್ದು. ಡಾಕ್ಟರು ಮಾತ್ರೆಯ ಜೊತೆಗೆ ಕಮೋಡನ್ನೂ ಚೀಟಿಯಲ್ಲಿ ಬರೆದುಕೊಟ್ಟರು. ಪರಮಶಿವಯ್ಯನವರಿಗೆ ತಾಯಿ ಎಂದರೆ ಪ್ರಾಣ. ಅದೇ ವಾರ ಬಿಳಿಯ ಕಮೋಡೊಂದನ್ನು ಕೊಂಡು ತಂದು ನಡುಮನೆಯಲ್ಲಿ ಇಟ್ಟರು.

ಪುಟ್ಟೇನಹಳ್ಳಿಯಿಂದ ಮೇಸ್ತ್ರಿ ಪಿಳ್ಳಪ್ಪ ಬಂದು ಮರಳನ್ನು ಮುಟ್ಟಿ ನೋಡಿ ಮೆಚ್ಚಿದ.

"ಸಿಮೆಂಟು ರೇಟು ಈ ವಾರ ಮೇಲಿದೆ ಸಾರ್. ಒಂದು ತಿಂಗ್ಳು ತಡೀರಿ, ಇಳಿಯುತ್ತೆ," ಎಂದ.

ತಡೆದರು. ಸಿಮೆಂಟು ಇಳಿಯಲಿಲ್ಲ, ಅದಕ್ಕೆ ಜೊತೆಯಾಗಿ ಇಟ್ಟಿಗೆಯೂ ಏರಿತು. ಏಳನೇ ತಿಂಗಳಲ್ಲಿ ಮೂಟೆಗೆ ಐದು ರೂಪಾಯಿ ಇಳಿದದ್ದೇ ತಡ, ಪಿಳ್ಳಪ್ಪ ಕರಣೆ ಹಿಡಿದುಕೊಂಡು ಓಡಿ ಬಂದ. ಅಷ್ಟರಲ್ಲಿ ಲಾರಿ ಮುಷ್ಕರವಾಗಿ ಮರಳಿನ ಬೆಲೆ ಎರಡರಷ್ಟಾಗಿತ್ತು.

"ಈಗ ಕಲಸಿಬಿಟ್ರೆ ಲಾಸು ಸಾರ್," ಎಂದು ಅವನು ಹಿಡಿಯಲ್ಲಿದ್ದ ಮರಳನ್ನು ಜೋಪಾನವಾಗಿ ಗುಡ್ಡೆಗೇ ಸುರಿದ. "ಇಷ್ಟು ಬೆಲೆ ಬಾಳೋ ಮಾಲನ್ನ ಪಾಯಿಖಾನೆಗೆ ಹಾಕ್ತಾರಾ ಯಾರಾದ್ರೂ?"

"ಹಾಗಾದ್ರೆ ಮಾರಿಬಿಡ್ಲಾ?"

"ಮಾರಿದ್ರೆ ಮತ್ತೆ ಸಿಗುತ್ತಾ ಸಾರ್? ಅಸಲಿ ಹೊಳೆ ಮರಳು!"

ಬಳಸುವಂತಿಲ್ಲ, ಮಾರುವಂತಿಲ್ಲ ಎಂದಮೇಲೆ ಉಳಿದದ್ದು ಕಾಯುವ ಕೆಲಸ. ಪರಮಶಿವಯ್ಯನವರು ಸಂಜೆ ಹೊತ್ತು ಗುಡ್ಡೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಸಂಘವೂ ಸುಮ್ಮನಿರಲಿಲ್ಲ. ತುರ್ತು ಸಭೆ ಸೇರಿ, ಆಟವಾಡಿದ ಮಕ್ಕಳು ಮನೆಗೆ ಹೋಗುವ ಮುನ್ನ ಗುಡ್ಡೆಯ ಮೇಲೆಯೇ ಕಾಲು ಕೊಡವತಕ್ಕದ್ದು ಎಂದು ಠರಾಯಿಸಿತು. ಬೆಕ್ಕುಗಳ ಬಗೆಗಿನ ವಿಷಯವನ್ನು ಮುಂದಿನ ಸಭೆಗೆ ಹಾಕಲಾಯಿತು. ಆ ಮರಳಿನಿಂದ ಶೌಚದ ಅನುಕೂಲ ಪಡೆಯುತ್ತಿದ್ದವು ಅವು ಮಾತ್ರ. ತುಳಸಿಕಟ್ಟೆಗೆಂದು ಎರಡು ಚೊಂಬು ಮರಳು ಕದ್ದದ್ದು ನಾನೇ, ಇದನ್ನೂ ಇಲ್ಲಿಯೇ ದಾಖಲಿಸಿಬಿಡುತ್ತೇನೆ.

ಬಸವಲಿಂಗಮ್ಮನವರು ನಡುಮನೆಯ ಕಮೋಡಿನ ಮುಚ್ಚಳದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನೆಂಟರು ಬಂದರೆ ಎದ್ದು ಅವರಿಗೆ ಜಾಗ ಬಿಟ್ಟುಕೊಡುತ್ತಿದ್ದರು.

"ಶಿವು, ಇದು ಬರೀ ಕುರ್ಚಿ ಆಗೋಯ್ತಲ್ಲೋ," ಎನ್ನುತ್ತಿದ್ದರು.

"ಸ್ವಲ್ಪ ತಡ್ಕೋ ಅವ್ವ. ರೇಟು ಇಳೀಲಿ."

ಒಂದು ಬೆಳಿಗ್ಗೆ ನಾನು ಕಾಂಪೌಂಡಿನ ಈಚೆಯಿಂದ ನೋಡುತ್ತೇನೆ, ಆ ಮುದುಕಿ ಗೋಡೆ ಹಿಡಿದು ಇಳಿಯುತ್ತ ಮೂರನೇ ಮೆಟ್ಟಿಲಿನಲ್ಲಿ ಕೂತುಬಿಟ್ಟಿದ್ದಾರೆ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ನಡವಳಿ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲದ್ದರಿಂದ ಬರೆಯಲಿಲ್ಲ.

ನಾಲ್ಕನೇ ವರ್ಷ ಮರಳಿನ ಬೆಲೆ ಮೂರರಷ್ಟಾಯಿತು. ಬೈಕಿನವರೂ ನಿಂತು ನೋಡಿ ಹೋಗುವಂತಾದಾಗ ಪಿಳ್ಳಪ್ಪ ಹೆದರಿ, ಗುಡ್ಡೆಗೆ ಒಂದು ಬೊಂಬು ನೆಟ್ಟು ಅದಕ್ಕೆ ದೃಷ್ಟಿಗೊಂಬೆ ಕಟ್ಟಿದ. ಎಲ್ಲ ಶುರುವಾದದ್ದು ಆ ಗೊಂಬೆಯಿಂದ.

ಮರುವಾರವೇ ರಸ್ತೆಬದಿ ಸ್ವತ್ತು ನಿರ್ವಹಣಾ ಉಪಕಚೇರಿಯ ಹೊಳೆಪ್ಪನವರು ಬಂದರು. ಬಾಗಲಕೋಟೆ ಕಡೆಯವರು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದರು.

"ಈ ಗೊಂಬಿ ಯಾಕ ಕಟ್ಟೀರಿ?"

"ದೃಷ್ಟಿ ಆಗ್ಬಾರ್ದು ಅಂತ ಸಾರ್," ಎಂದರು ಪರಮಶಿವಯ್ಯ.

"ದೃಷ್ಟಿಗೊಂಬಿ ಕಟ್ಟೋದು ಕಟ್ಟಡಕ್ಕರೀ. ಗೊಂಬಿ ಐತಿ ಅಂದ್ರ ಇದು ಕಟ್ಟಡ. ಪ್ಲಾನ್ ಎಲ್ಲೈತಿ?"

"ಇದು ಮರಳು ಸಾರ್!"

"ಕಟ್ಟಡ ಯಾವುದರಿಂದ ಆಗಿರಬೇಕು ಅಂತ ನಿಯಮದಾಗ ಎಲ್ಲೂ ಬರದಿಲ್ಲರೀ."

ಮೂವತ್ತೈದು ವರ್ಷ ಕಡತ ನೋಡಿದ ಪರಮಶಿವಯ್ಯನವರಿಗೆ ಆ ಮಾತು ಸರಿಯೆನಿಸಿತು. ದಂಡ ಕಟ್ಟಿ ಸಕ್ರಮ ಮಾಡಿಸಿಕೊಂಡರು. ಹಿರಿಯ ಮಹಿಳೆಯರಿಗೆ ರಿಯಾಯಿತಿ ಇದ್ದುದರಿಂದ ಖಾತಾ ಬಸವಲಿಂಗಮ್ಮನವರ ಹೆಸರಿಗಾಯಿತು. ಬೊಂಬಿಗೆ 214/1 ಎಂಬ ನೀಲಿ ಫಲಕ ಬಂತು. ಜೊತೆಗೆ ಒಂದು ತಿಳುವಳಿಕೆ ಪತ್ರ: "ಸದರಿ ಸ್ವತ್ತಿನಿಂದ ಒಂದು ಬಾಂಡ್ಲಿ ಮರಳನ್ನು ತೆಗೆದರೂ ಅದನ್ನು ಕಟ್ಟಡದ ಭಾಗಶಃ ನೆಲಸಮವೆಂದು ಪರಿಗಣಿಸಿ ಕ್ರಮ ಜರುಗಿಸಲಾಗುವುದು."

ಪರಮಶಿವಯ್ಯನವರ ಮುಖ ಸಪ್ಪಗಾಯಿತು. "ಸಾರ್, ಇದನ್ನ ತರ್ಸಿದ್ದೇ ನಮ್ಮವ್ವಂಗೆ ಮನೇಲಿ ಕಮೋಡ್ ಹಾಕ್ಸೋಕೆ."

"ಮನಿ ಬ್ಯಾರೆ ಸ್ವತ್ತರೀ, ಇದು ಬ್ಯಾರೆ ಸ್ವತ್ತು," ಎಂದರು ಹೊಳೆಪ್ಪ. "ಖಾತಾ ಇದ್ದ ಸ್ವತ್ತಿಗೆ ಶೌಚಾಲಯ ಕಡ್ಡಾಯ. ಇದಕ್ಕ ಇಲ್ಲ. ಮೂವತ್ತು ದಿನದಾಗ ಆಗಬೇಕು."

ನಾಲ್ಕು ವರ್ಷದಲ್ಲಿ ಆಗದ್ದು ಒಂಬತ್ತು ದಿನದಲ್ಲಿ ಆಯಿತು. ಗುಡ್ಡೆಗೆ ಒತ್ತಿಕೊಂಡು ನಾಲ್ಕು ತಗಡಿನ ಹಾಳೆ ನಿಂತವು. ನಡುಮನೆಯ ಕಮೋಡು ಹೊರಗೆ ಬಂದು ಚಪ್ಪಡಿ ಕಲ್ಲಿನ ಮೇಲೆ ಬೋಲ್ಟಿನಿಂದ ಕೂತಿತು. ಒಳಚರಂಡಿ ಪಕ್ಕದಲ್ಲಿಯೇ ಇತ್ತು. ಸಿಮೆಂಟು ಬೇಕಾಗಲಿಲ್ಲ, ಮರಳಂತೂ ಬೇಕಾಗಲೇ ಇಲ್ಲ.

"ಹೀಗೇ ಮನೆಯೊಳಗೆ ಅವತ್ತೇ ಹಾಕ್ಬೋದಿತ್ತಲ್ಲಪ್ಪ?" ಎಂದು ನಾನು ಪಿಳ್ಳಪ್ಪನನ್ನು ಕೇಳಿದೆ.

"ಮನೆಗೆ ನೋಟಿಸ್ ಬಂದಿರ್ಲಿಲ್ವಲ್ಲ ಸಾರ್," ಎಂದ.

ಹೊಸ ಶೌಚಾಲಯಕ್ಕೆ ಆರತಿಯಾದ ಮೇಲೆ ಬಸವಲಿಂಗಮ್ಮನವರು ಗೇಟು ದಾಟಿ, ಕೊಡೆ ಊರಿಕೊಂಡು, ಮೆಟ್ಟಿಲಿಲ್ಲದ ರಸ್ತೆಯಲ್ಲಿ ಹನ್ನೆರಡು ಹೆಜ್ಜೆ ನಡೆದು ಒಳಹೊಕ್ಕು ಚಿಲಕ ಹಾಕಿಕೊಂಡರು. ಅರ್ಧ ಗಂಟೆ ಹೊರಗೆ ಬರಲಿಲ್ಲ. ಇಡೀ ರಸ್ತೆ ಕಾದು ನಿಂತಿತ್ತು. ಕೊನೆಗೆ ಹೊರಬಂದಾಗ ಅವರ ಮುಖದಲ್ಲಿದ್ದಂಥ ನೆಮ್ಮದಿಯನ್ನು ನಾನು ಯಾವ ತೀರ್ಥಯಾತ್ರೆಯಿಂದ ಬಂದವರಲ್ಲೂ ಕಂಡಿಲ್ಲ. ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಕಳೆದ ತಿಂಗಳು ಪರಮಶಿವಯ್ಯನವರ ಮಂಡಿಯೂ ಹಿಡಿದುಕೊಂಡಿತು. ಅದೇ ಡಾಕ್ಟರು ಅದೇ ಚೀಟಿ ಬರೆದರು. ಅವರು ತಾಯಿಯ ಮುಂದೆ ನಿಂತು, "ಅವ್ವ, ಬೀಗದ ಕೈ ಕೊಡು," ಎಂದರು.

"ಸ್ವತ್ತು ನನ್ನ ಹೆಸ್ರಲ್ಲಿದೆ ಕಣೋ ಶಿವು. ಹತ್ತು ತಿಂಗ್ಳು ಬಾಡಿಗೆ ಅಡ್ವಾನ್ಸು ಕೊಡು."

"ಅಷ್ಟೊಂದಾ ಅವ್ವ?"

"ಮರಳಿನ ರೇಟು ಎಲ್ಲಿಗ್ಹೋಗಿದೆ ಗೊತ್ತಾ? ಒಂದು ತಿಂಗ್ಳು ತಡಿ, ಇಳೀಬಹುದು."

ಪರಮಶಿವಯ್ಯನವರಿಗೆ ಇದರಲ್ಲಿ ಯಾವ ಲೋಪವೂ ಕಾಣಲಿಲ್ಲ. ಈಗ ದಿನಾ ಬೆಳಿಗ್ಗೆ ಗೋಡೆ ಹಿಡಿದು ನಾಲ್ಕು ಮೆಟ್ಟಿಲು ಇಳಿಯುತ್ತಾರೆ. ಬಾಡಿಗೆ ಕರಾರಿನ ಕರಡನ್ನು ಸಂಘವು ಅವಿರೋಧವಾಗಿ ಅಂಗೀಕರಿಸಿದೆ, ಸಾಕ್ಷಿಯ ಜಾಗದಲ್ಲಿ ನಾನು ಸಹಿ ಹಾಕಿದ್ದೇನೆ.