ತೊಂಬತ್ತೊಂದು ಮೊಳಕೆ

ವಿಜ್ಞಾನ ಸುಳ್ಳು ಹೇಳುವುದಿಲ್ಲ ಎಂದು ಯಾರಾದರೂ ಭಾಷಣ ಮಾಡಿದರೆ ಸಭೆಯಲ್ಲಿ ಎಲ್ಲರಿಗಿಂತ ಮೊದಲು ತಲೆಯಾಡಿಸುವವಳು ನಾನು. ಪಾಪ, ಅದು ಹೇಗೆ ಸುಳ್ಳು ಹೇಳೀತು? ಅದಕ್ಕೆ ಬಾಯಿಲ್ಲ, ಕೈಯಿಲ್ಲ. ಏನೇ ಹೇಳಬೇಕಾದರೂ ನಮ್ಮಂಥ ಬಿ.ಎಸ್‌ಸಿ. ಮಾಡಿದವರನ್ನೇ ಹಿಡಿಯಬೇಕು. ನನ್ನ ಬಿ.ಎಸ್‌ಸಿ.ಯಲ್ಲಿ ಒಂದಿಷ್ಟು ಅಂಕ ಎಲ್ಲಿಂದ ಬಂತು ಎಂಬುದನ್ನು ಇಷ್ಟು ವರ್ಷ ಮನೆಯಲ್ಲಿ ಹೇಳಿಲ್ಲ. ಯಾರೂ ಕೇಳಿಲ್ಲ ಎಂಬುದೂ ಖರೆ. ನನ್ನ ಓದಿನ ಬಗ್ಗೆ ನಮ್ಮ ಮನೆಯವರಿಗೆ ಇರುವ ತಕರಾರು ಒಂದೇ: ಅಷ್ಟು ಓದಿಯೂ ಸಾರಿಗೆ ಎಷ್ಟು ಉಪ್ಪು ಎಂಬ ಅಂದಾಜು ಇವಳಿಗೆ ಬರಲಿಲ್ಲ.

ಕರ್ನಾಟಕ ಒಂದಾಗುವುದಕ್ಕೆ ಇನ್ನು ಕೆಲವೇ ತಿಂಗಳು ಇದ್ದ ಬೇಸಿಗೆ ಅದು. ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದೆ. ರಜೆಯಲ್ಲಿ ಆರು ವಾರ ಯಾವುದಾದರೊಂದು ಪ್ರಯೋಗಶಾಲೆಯಲ್ಲಿ ಕೆಲಸ ಮಾಡಬೇಕು, ದಿನದಿನದ ಪ್ರಯೋಗವನ್ನು ನೋಟ್‌ಬುಕ್ಕಿನಲ್ಲಿ ಬರೆದು ಅಲ್ಲಿಯ ಅಧಿಕಾರಿಯ ಸಹಿ ತರಬೇಕು, ಅದಕ್ಕೆ ಐವತ್ತು ಅಂಕ ಎಂದು ನಮ್ಮ ಪ್ರೊಫೆಸರರು ಗೊತ್ತುಮಾಡಿದರು. ಹುಡುಗರು ಪುಣೆ, ಮುಂಬೈ ಎಂದು ಟ್ರಂಕು ಕಟ್ಟಿದರು. ನನಗೆ ಗದಗಿನ ಬೀಜ ಪರೀಕ್ಷೆಯ ಕಚೇರಿ ಸಿಕ್ಕಿತು. ಕಾರಣ, ನಮ್ಮ ಸೋದರತ್ತೆ ಬೆಟಗೇರಿಯಲ್ಲಿದ್ದರು. ಹುಡುಗಿಯ ವಿಜ್ಞಾನ ಅತ್ತೆಯ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲೇ ಇರಬೇಕಾಗಿತ್ತು. ಲಕ್ಷ್ಮೇಶ್ವರದಲ್ಲಿ ಕಾಳಿನ ಅಂಗಡಿ ಇಟ್ಟಿದ್ದ ನಮ್ಮಪ್ಪ ಮಾತ್ರ, "ನಮ್ಮ ಶಕ್ಕೂನ್ನ ಸರಕಾರದವರು ಕರಸ್ಯಾರ" ಎಂದು ಪೇಟೆಯ ತುಂಬ ಹೇಳಿಕೊಂಡು ಬಂದ. ನಮ್ಮೂರು ಮೊನ್ನೆ ಮೊನ್ನೆಯವರೆಗೆ ಸಂಸ್ಥಾನಕ್ಕೆ ಸೇರಿತ್ತು. ಸರಕಾರ ಎಂಬ ಮಾತೇ ಅಪ್ಪನಿಗೆ ಹೊಸ ಅಂಗಿಯ ಹಾಗೆ, ಹಾಕಿಕೊಂಡು ನಾಲ್ಕು ಜನರಿಗೆ ತೋರಿಸಬೇಕು.

ಅತ್ತೆಯ ಯಜಮಾನರು ಏಕೀಕರಣದ ಕಟ್ಟಾ ಅಭಿಮಾನಿ. ಕನ್ನಡದವರೆಲ್ಲ ಒಂದೇ ಸೂರಿನ ಕೆಳಗೆ ಬರಬೇಕೆಂದು ದಿನಾ ಸಭೆಗೆ ಹೋಗಿ ಗಂಟಲು ಹರಿದುಕೊಂಡು ಬರುತ್ತಿದ್ದರು. ಮನೆಗೆ ಬಂದ ಮೇಲೆ ತಮ್ಮ ಪಾಲಿಗೂ ಅಣ್ಣನ ಪಾಲಿಗೂ ನಡುವೆ ಎದ್ದ ಗೋಡೆಗೆ ಇನ್ನೊಂದು ಸಾಲು ಇಟ್ಟಂಗಿ ಏರಿಸುವ ಮಾತಾಡುತ್ತಿದ್ದರು. ಆ ಗೋಡೆಯ ನೆರಳಿನಲ್ಲಿ ಕೂತು ಊಟ ಮಾಡಿ ನಾನು ವಿಜ್ಞಾನ ಕಲಿಯಲು ಹೋಗುತ್ತಿದ್ದೆ.

ಕಚೇರಿಯೆಂದರೆ ತಗಡಿನ ಗೋದಾಮಿನ ಹಿಂದೆ ಎರಡು ಖೋಲಿ. ಮುಖ್ಯಸ್ಥರು ಗಲಗಲಿ ಸಾಹೇಬರು. ಮೆತ್ತಗಿನ ಮನುಷ್ಯ, ಗಟ್ಟಿಯಾಗಿ ಸೀನುವುದಕ್ಕೂ ಮೇಲಿನವರ ಅಪ್ಪಣೆ ಬೇಕೇನೋ ಎಂಬಂತೆ ಸೀನುತ್ತಿದ್ದರು. ಮೊದಲ ದಿನವೇ ಕೇಳಿದರು, "ನಿನಗ ಭೂಮಿತಿ ಬರತೈತೇನವಾ?" ನಾನು ಉಬ್ಬಿಹೋದೆ. ರೇಖಾಗಣಿತದಿಂದ ಬೀಜದ ಆಕಾರ ಅಳೆಯುವುದಿರಬೇಕು ಎಂದುಕೊಂಡು, "ಬರತೈತ್ರಿ" ಎಂದೆ. ಮ್ಯಾಟ್ರಿಕ್‌ನಲ್ಲಿ ನಪಾಸಾಗಿದ್ದ ಅವರ ಮಗಳಿಗೆ ಎರಡು ವಾರ ತ್ರಿಕೋನ ಹೇಳಿಕೊಟ್ಟೆ. ನಡುನಡುವೆ ಅವರ ಹೆಂಡತಿಗೆ ಹಪ್ಪಳ ಲಟ್ಟಿಸಿಕೊಟ್ಟೆ. ಸಂಜೆ ಅತ್ತೆ, "ಇವತ್ತೇನು ಕಲತಿ?" ಎಂದರೆ ಹೇಳಲು ಏನಿರುತ್ತಿತ್ತು? ನೋಟ್‌ಬುಕ್ಕಿನಲ್ಲಿ ಮಾತ್ರ 'ವೃತ್ತಾಕಾರದ ಮಾದರಿಗಳ ತಯಾರಿಕೆ' ಎಂದು ಬರೆದೆ. ಹಪ್ಪಳವೂ ವೃತ್ತವೇ.

ಕೊನೆಗೆ ಆ ಹುಡುಗಿಗೇ ಬೇಸರ ಬಂದು ತಾಯಿಯ ತವರಿಗೆ ಹೊರಟುಹೋದಳು. ನನಗೆ ಹಿಂದಿನ ಖೋಲಿಗೆ ಪ್ರವೇಶ ಸಿಕ್ಕಿತು. ಅಲ್ಲಿದ್ದವಳು ನೀಲವ್ವ. ವಯಸ್ಸು ಐವತ್ತರ ಆಚೆ, ಹರ್ತಿಯಲ್ಲಿ ಹುಟ್ಟಿದವಳು, ಬೆಟಗೇರಿಗೆ ಸೊಸೆಯಾಗಿ ಬಂದವಳು, ಹನ್ನೊಂದು ವರ್ಷದಿಂದ ಅಲ್ಲಿ ದಿನಗೂಲಿ. ಮರದ ಟ್ರೇಗೆ ಉಸುಕು ತುಂಬಿ, ನೀರು ಚಿಮುಕಿಸಿ, ನೂರು ಶೇಂಗಾ ಬೀಜ ಊರಿ, ವಾರದ ಮೇಲೆ ಮೊಳಕೆ ಎಣಿಸುವುದು ಅವಳ ಕೆಲಸ. ಓದು ಬರಹ ಇಲ್ಲ. ಎಣಿಕೆಯನ್ನು ಸುಣ್ಣದಿಂದ ಗೋಡೆಯ ಮೇಲೆ ಗೀರುತ್ತಿದ್ದಳು, ಗುಮಾಸ್ತ ಬಂದು ಅದನ್ನು ನೋಡಿ ಇಂಗ್ಲಿಷಿನಲ್ಲಿ ಇಳಿಸಿಕೊಳ್ಳುತ್ತಿದ್ದ. ಆ ಕಚೇರಿಯಲ್ಲಿ ಪರೀಕ್ಷೆಗೆಂದು ಬಂದ ಶೇಂಗಾವನ್ನು ತಿನ್ನದೆ ಬಿಟ್ಟಿದ್ದವಳು ಅವಳೊಬ್ಬಳೇ. ಸಿಪಾಯಿ ಹುರಿದು ತಿನ್ನುತ್ತಿದ್ದ, ಗುಮಾಸ್ತ ಹಸಿಯೇ ತಿನ್ನುತ್ತಿದ್ದ, ಉಳಿದದ್ದು ಸಾಹೇಬರ ಮನೆಯಲ್ಲಿ ಬೆಲ್ಲದ ಜೊತೆ ಉಂಡಿಯಾಗುತ್ತಿತ್ತು. ನಾನೂ ತಿಂದಿದ್ದೇನೆ. ಉಂಡಿ ಛಲೋ ಇರುತ್ತಿದ್ದವು.

ನೀಲವ್ವ ನನಗೆ ಕಲಿಸಿದ್ದನ್ನು ಯಾವ ಪ್ರೊಫೆಸರರೂ ಕಲಿಸಿರಲಿಲ್ಲ. "ಅಕ್ಕಾರ, ಎಲ್ಲಾ ಬೀಜ ಒಂದ ಚೀಲದಾಗಿಂದ ತಗೀಬ್ಯಾಡ್ರಿ. ಮ್ಯಾಲಿಂದು, ನಡುವಿಂದು, ತಳದ್ದು, ಎಲ್ಲಾ ಬರಬೇಕು. ಛಂದ ಕಂಡದ್ದ ಆರಿಸಿದ್ರ ನಮಗ ನಾವ ಮೋಸ ಮಾಡಿಕೊಂಡಂಗ" ಎನ್ನುತ್ತಿದ್ದಳು. ಇದೇ ಮಾತನ್ನು ಹೇಳಲು ನಮ್ಮ ಪಠ್ಯಪುಸ್ತಕ ಒಂದು ಇಡೀ ಅಧ್ಯಾಯ ತೆಗೆದುಕೊಂಡಿತ್ತು.

ಮಳೆಗಾಲಕ್ಕೆ ಹರ್ತಿ, ಕಳಸಾಪುರದ ರೈತರಿಗೆ ಹಂಚಬೇಕಾದ ಬೀಜವನ್ನು ನಾವಿಬ್ಬರೂ ಪರೀಕ್ಷೆಗೆ ಹಾಕಿದೆವು. ವಾರವಾದರೂ ಟ್ರೇಯಲ್ಲಿ ಅಲ್ಲೊಂದು ಇಲ್ಲೊಂದು ಮೊಳಕೆ. ನೂರಕ್ಕೆ ಮೂವತ್ತೆಂಟು. ಮತ್ತೆ ಹಾಕಿದೆವು, ಮೂವತ್ತಾರು. ನೀಲವ್ವ ಹುಟ್ಟದ ಬೀಜವನ್ನು ಕಿತ್ತು ಹಿಚುಕಿ ನನ್ನ ಮೂಗಿಗೆ ಹಿಡಿದಳು. ಕಮಟು ವಾಸನೆ. "ಬ್ಯಾಸಿಗಿಗಿಂತ ಮೊದಲ ಸುಲಿಸಿ ತಗಡಿನ ಬುಡಕ ಒಟ್ಟ್ಯಾರ. ಸಿಪ್ಪಿ ಇದ್ರ ಬದುಕತಿದ್ವು. ಬೆಂದು ಸತ್ತಾವ" ಎಂದಳು. ನನಗೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ಆನಂದವಾಯಿತು. ಬದುಕಿನಲ್ಲಿ ಮೊದಲ ಸಲ ಪುಸ್ತಕದಲ್ಲಿಲ್ಲದ ಒಂದು ಸಂಗತಿ ನನಗೆ ಗೊತ್ತಾಗಿತ್ತು. ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದು, ಅಡಿಗೆರೆ ಎಳೆದು, ಸಾಹೇಬರ ಮುಂದಿಟ್ಟೆ.

ಅವರು ಬಯ್ಯಲಿಲ್ಲ. ಚಹಾ ತರಿಸಿದರು. "ನೋಡವಾ, ಬೀಜ ಛಲೋ ಐತಿ ಅಂತ ನಾ ಆಗಲೇ ಮ್ಯಾಲೆ ಬರದು ಕಳಿಸೇನಿ. ಇಷ್ಟರಾಗ ರಾಜ್ಯ ಒಂದಾಗತೈತಿ, ಯಾರನ್ನ ಇಟಗೋತಾರ, ಯಾರನ್ನ ಎಲ್ಲಿ ಒಗೀತಾರ ಯಾರಿಗೊತ್ತು. ಇಂಥಾದ್ರಾಗ ಈ ಗೋದಾಮಿನ ಹೊಲಸು ನನ್ನ ಕೊಳ್ಳಿಗೆ ಬರತೈತಿ." ಆಮೇಲೆ ನನ್ನ ನೋಟ್‌ಬುಕ್ಕನ್ನು ಮೆಲ್ಲಗೆ ಮುಚ್ಚಿ ನನ್ನ ಕಡೆ ಸರಿಸಿದರು. "ಈ ಪಾನು ಸರಿ ಮಾಡಿಕೊಂಡು ಬಾ. ಸಹಿ ಹಾಕತೇನಿ."

ಹಿಂದಿನ ಖೋಲಿಗೆ ಹೋಗಿ ನೀಲವ್ವನಿಗೆ ಹೇಳಿದೆ. ಅವಳು ಟ್ರೇ ತೊಳೆಯುತ್ತಲೇ, "ಇದ್ದದ್ದ ಬರೀರಿ ಅಕ್ಕಾರ. ನನಗ ಬರಿಯಾಕ ಬಂದಿದ್ರ ನಾನ ಬರೀತಿದ್ದೆ" ಎಂದಳು. ನಾನು ಎರಡು ದಿನ ಯೋಚಿಸಿದೆ. ಸಹಿ ಇಲ್ಲದಿದ್ದರೆ ಐವತ್ತು ಅಂಕ ಇಲ್ಲ, ಅಂಕ ಇಲ್ಲದಿದ್ದರೆ ನಪಾಸು, ನಪಾಸಾದರೆ ಕಾಲೇಜು ಬಿಡಿಸಿ ಮದುವೆ ಮಾಡಲು ನಮ್ಮ ಅಜ್ಜಿ ಕಾದು ಕೂತಿದ್ದಳು. ಮೂರನೆಯ ದಿನ ಆ ಪುಟ ಹರಿದು ಹೊಸದಾಗಿ ಬರೆದೆ. ತೊಂಬತ್ತು ಎಂದರೆ ಸುಳ್ಳು ಎಂದು ಯಾರಿಗಾದರೂ ಅನಿಸೀತು ಎಂದು ತೊಂಬತ್ತೊಂದು ಬರೆದೆ. ಸಾಹೇಬರು ಅದನ್ನು ನೋಡಿ, "ಹುಷಾರ್ ಇದ್ದಿ" ಎಂದರು. ಆ ಆರು ವಾರಗಳಲ್ಲಿ ನನಗೆ ಸಿಕ್ಕ ಒಂದೇ ಹೊಗಳಿಕೆ ಅದು.

ನಾನು ಬರೆದದ್ದು ಗುಮಾಸ್ತನಿಂದ ತಿಳಿದ ನೀಲವ್ವ ಮರುದಿನ ಕೆಲಸಕ್ಕೆ ಬರಲಿಲ್ಲ. ಹರ್ತಿಗೆ ನಡೆದುಕೊಂಡು ಹೋಗಿ, "ಸರಕಾರದ ಬೀಜ ಬಿತ್ತೂದಕ್ಕಿಂತ ಮೊದಲ ಹಸೀ ಗೋಣಿಚೀಲದಾಗ ಹತ್ತು ಕಾಳು ಇಟ್ಟು ನೋಡ್ರಿ" ಎಂದು ಮನೆಮನೆಗೆ ಹೇಳಿ ಬಂದಿದ್ದಳು. ಬೀಜ ಕೈಗೆ ಬಂದ ಕೂಡಲೇ ಅವರು ಇಟ್ಟು ನೋಡಿದರು. ಹರ್ತಿಯಲ್ಲಿ ಹಂಚಿದ ಚೀಲಗಳು ಮುಂದಿನ ವಾರ ಚಕ್ಕಡಿಯಲ್ಲಿ ತಿರುಗಿ ಬಂದವು. ಕಳಸಾಪುರಕ್ಕೆ ಅವಳು ಹೋಗಿರಲಿಲ್ಲ. ಅಲ್ಲಿಯವರು ಬಿತ್ತಿದರು, ಆ ವರ್ಷ ಅವರ ಹೊಲಗಳು ಹರಿದ ಚಾಪೆಯ ಹಾಗೆ ಕಂಡವು.

ಚೀಲ ತಿರುಗಿ ಬಂದ ಮೇಲೆ ಧಾರವಾಡದಿಂದ ದೊಡ್ಡ ಅಧಿಕಾರಿ ವಿಚಾರಣೆಗೆ ಬಂದರು. ನೀಲವ್ವನನ್ನು ನಿಲ್ಲಿಸಿ, "ಬೀಜ ಸತ್ತದ ಅಂತ ಯಾರು ಹೇಳಿದ್ರು?" ಎಂದರು.

"ನಾನ್ರಿ."

"ನಿನಗೇನ ಗೊತ್ತು? ಇಲ್ಲಿ ಕಾಲೇಜು ಕಲಿಯೂ ಹುಡುಗಿ ಪರೀಕ್ಷೆ ಮಾಡಿ ತೊಂಬತ್ತೊಂದು ಅಂತ ಬರದಾಳಲ್ಲ?" ಎಂದು ನನ್ನ ಕಡೆ ತಿರುಗಿದರು. "ಹೌದೇನವಾ?"

ನೀಲವ್ವ ನನ್ನನ್ನು ನೋಡಲೇ ಇಲ್ಲ. ನೋಡಿದ್ದರೆ ಏನು ಹೇಳುತ್ತಿದ್ದೆನೋ. "ಹೌದ್ರಿ" ಎಂದೆ. ಗಲಗಲಿ ಸಾಹೇಬರು ಸೀನಿದರು, ಈ ಸಲ ಗಟ್ಟಿಯಾಗಿ.

ಧಾರವಾಡಕ್ಕೆ ಹೊರಡುವ ಹಿಂದಿನ ದಿನ ಅವಳ ಮನೆ ಹುಡುಕಿಕೊಂಡು ಹೋದೆ. ಕ್ಷಮೆ ಕೇಳಬೇಕೆಂದಿದ್ದೆ, ಹೊಸ್ತಿಲಲ್ಲೇ ಆ ಮಾತು ಉಳಿಯಿತು. ಅವಳು ಕುಡಿಯಲು ಮಜ್ಜಿಗೆ ಕೊಟ್ಟು, ಕಚೇರಿಯಿಂದ ಬಂದ ಇಂಗ್ಲಿಷ್ ಕಾಗದವೊಂದನ್ನು ಮಡಿಕೆ ಬಿಚ್ಚಿ ಕೈಗಿತ್ತಳು. "ಏನ ಬರದಾರ, ಓದಿ ಹೇಳ್ರಿ ಅಕ್ಕಾರ."

ಆರು ಸಾಲು. ಶಾಸ್ತ್ರೀಯ ತರಬೇತಿ ಪಡೆದ ವಿದ್ಯಾರ್ಥಿನಿಯ ಪರೀಕ್ಷೆಯಿಂದ ಬೀಜ ಉತ್ತಮವೆಂದು ಸಿದ್ಧವಾಗಿದ್ದು, ಸುಳ್ಳು ಸುದ್ದಿ ಹಬ್ಬಿಸಿದ್ದಕ್ಕಾಗಿ ಈ ಕೂಲಿ ಹೆಂಗಸನ್ನು ತೆಗೆಯಲಾಗಿದೆ ಎಂದು ಅದರಲ್ಲಿತ್ತು. ನಾನು, "ಇನ್ನ ಮುಂದ ಕೆಲಸ ಇಲ್ಲ ಅಂತ ಬರದಾರ" ಎಂದೆ.

ನೀಲವ್ವ ಕಾಗದ ತಿರುಗಿ ತೆಗೆದುಕೊಂಡು ಬೆರಳಿಟ್ಟು ಒಂದೊಂದೇ ಸಾಲು ಮುಟ್ಟಿದಳು. "ಅದನ್ನ ಹೇಳಾಕ ಇಷ್ಟ ಸಾಲು ಬೇಕಾತೇನ್ರಿ?" ಎಂದಳು. ನಾನು ಮಜ್ಜಿಗೆ ಮುಗಿಸಿ, ಮೋಟಾರಿಗೆ ಹೊತ್ತಾಯಿತೆಂದು ಎದ್ದೆ. ಮೋಟಾರು ಇದ್ದದ್ದು ಮರುದಿನ.

ಕಾಲೇಜು ಶುರುವಾದ ಮೇಲೆ ಅಂಕಗಳ ಪಟ್ಟಿ ಹಚ್ಚಿದರು. ಐವತ್ತಕ್ಕೆ ನಲವತ್ತೆಂಟು, ತರಗತಿಗೇ ನಾನು ಮೊದಲು. ಎರಡು ಅಂಕ ಯಾಕೆ ಕಡಿದಿರಿ ಎಂದು ನಾನು ಪ್ರೊಫೆಸರರ ಖೋಲಿಗೆ ಹೋಗಿ ಅರ್ಧ ತಾಸು ವಾದ ಮಾಡಿದೆ. ಇದು ಅನ್ಯಾಯ ಎಂದೂ ಅಂದೆ.