ಕಾಲು ಚಾಚುವ ಸೀಟು

ತಿರುವನಂತಪುರದ ಬಗ್ಗೆ ಅಚ್ಯುತನಿಗೆ ಇದ್ದದ್ದು ಒಂದೇ ತಕರಾರು. ಊರು ಚೆನ್ನ, ಜನ ಚೆನ್ನ, ಬಾಳೆಹಣ್ಣಿನಲ್ಲೇ ಹತ್ತಾರು ಬಗೆ. ಆದರೆ ಅರ್ಧಕ್ಕರ್ಧ ಅಂಗಡಿಗಳಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜುವ ಯಂತ್ರವೇ ಇಲ್ಲ. ಯಂತ್ರವಿಲ್ಲದ ಕಡೆ ವ್ಯಾಪಾರ ಮಾಡಿದರೆ ದುಡ್ಡು ಹೋಗುತ್ತದೆ, ಪಾಯಿಂಟ್ಸ್ ಬರುವುದಿಲ್ಲ. ಹಾಗಾಗಿ ಮನೆ ಮುಂದಿನ ರಸ್ತೆಯಲ್ಲೇ ತರಕಾರಿ ಚೇಚಿ (ಅಲ್ಲಿಯವರ ಬಾಯಲ್ಲಿ ಅಕ್ಕ) ಮಾರುವ, ಬೇರಿನ ಮಣ್ಣು ಇನ್ನೂ ಒಣಗದ ಹರಿವೆ ಸೊಪ್ಪನ್ನು ಕಣ್ಣೆತ್ತಿಯೂ ನೋಡದೆ, ಅವನು ಸ್ಕೂಟರಿನಲ್ಲಿ ಕಳಕ್ಕೂಟಂ ಹತ್ತಿರದ ದೊಡ್ಡ ಮಳಿಗೆಗೆ ಹೋಗಿ, ಪ್ಲಾಸ್ಟಿಕ್ ಹೊದ್ದು ಮಲಗಿದ ಮುದಿ ಹರಿವೆಯನ್ನು ಕಾರ್ಡ್ ಉಜ್ಜಿ ತರುತ್ತಿದ್ದ.

"ಏನೋ ಅಚ್ಯುತ, ಈ ಸೊಪ್ಪಿಗೆ ನನಗಿಂತ ವಯಸ್ಸಾಗಿದೆ," ಎನ್ನುತ್ತಿದ್ದರು ಅವನ ತಾಯಿ ಅನಸೂಯಮ್ಮ.

"ಎಂಟು ಪಾಯಿಂಟ್ ಬಂತಮ್ಮ."

"ಹಾಗಾದ್ರೆ ಅದನ್ನೇ ಹುಳಿಗೆ ಹಾಕ್ತೀನಿ ಬಿಡು."

ಅಚ್ಯುತ ಬಾಹ್ಯಾಕಾಶ ಕೇಂದ್ರದಲ್ಲಿ ಎಂಜಿನಿಯರು. ಕಚೇರಿಯಲ್ಲಿ ರಾಕೆಟ್ಟಿನ ಲೆಕ್ಕ, ಮನೆಯಲ್ಲಿ ಪಾಯಿಂಟ್ಸಿನ ಲೆಕ್ಕ. ಈ ವಿದ್ಯೆಯ ಸಾರವನ್ನು ಅವನು ಮನೆಗೆ ಬಂದವರಿಗೆಲ್ಲ ಕಾಫಿಗಿಂತ ಮೊದಲೇ ಬಡಿಸುತ್ತಿದ್ದ. ಕಾರ್ಡಿನಲ್ಲಿ ಖರ್ಚು ಮಾಡಿದರೆ ಬ್ಯಾಂಕಿನವರು ಪಾಯಿಂಟ್ಸ್ ಕೊಡುತ್ತಾರೆ. ಮೂಢರು ಅದರಲ್ಲಿ ಮಿಕ್ಸಿ, ಸೂಟ್‌ಕೇಸು ಕೊಳ್ಳುತ್ತಾರೆ. ಪ್ರಾಜ್ಞರು ಆ ಪಾಯಿಂಟ್ಸನ್ನು ವಿಮಾನ ಕಂಪನಿಯ ಮೈಲಿಗಳಾಗಿ ಪರಿವರ್ತಿಸಿ, ಆ ಮೈಲಿಗಳಿಂದ ಬಿಸಿನೆಸ್ ಕ್ಲಾಸಿನಲ್ಲಿ, ಗುಂಡಿ ಒತ್ತಿದರೆ ಹಾಸಿಗೆಯಾಗುವ ಸೀಟಿನಲ್ಲಿ, ಮಲಗಿಕೊಂಡು ಹೋಗುತ್ತಾರೆ. (ಅಚ್ಯುತ ಸ್ವತಃ ಇನ್ನೂ ಹೋಗಿರಲಿಲ್ಲ. ಪ್ರಾಜ್ಞರಿಗೆ ಅವಸರವಿರುವುದಿಲ್ಲ.)

ಇದೆಲ್ಲ ಬರೀ ಜಿಪುಣತನ ಅಂದುಕೊಳ್ಳಬೇಡಿ. ಇದರ ಬೇರಿನಲ್ಲಿ ಇದ್ದದ್ದು ಪ್ರೇಮ. ಅವನ ಹೆಂಡತಿ ಹಂಸಾ ಉದ್ದದ ಹೆಂಗಸು. ಮದುವೆಯಾದ ಹೊಸದರಲ್ಲಿ ಬೆಂಗಳೂರಿನಿಂದ ತಿರುವನಂತಪುರದ ತಂಪಾನೂರು ನಿಲ್ದಾಣಕ್ಕೆ ಬರುವ ರೈಲಿನಲ್ಲಿ ಅವಳಿಗೆ ಪ್ರತಿ ಸಲವೂ ಸೈಡ್ ಅಪ್ಪರ್ ಬರ್ತೇ ಸಿಕ್ಕಿ, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಮಲಗುತ್ತಿದ್ದಳು. ಒಂದು ಬೆಳಿಗ್ಗೆ ಇಳಿಯುವಾಗ, "ಜೀವನದಲ್ಲಿ ಒಂದ್ಸಲ ಕಾಲು ಚಾಚ್ಕೊಂಡು ಮಲಗಿ ಎಲ್ಲಿಗಾದ್ರೂ ಹೋಗ್ಬೇಕು ಕಣ್ರೀ," ಎಂದಿದ್ದಳು. ಅವತ್ತೇ ಅಚ್ಯುತ ಪಣ ತೊಟ್ಟ. ಅವಳನ್ನು ಆಕಾಶದಲ್ಲಿ ಮಲಗಿಸುತ್ತೇನೆ, ಅವಳು ಎದ್ದು "ಪರವಾಗಿಲ್ಲ ಕಣ್ರೀ ನೀವು" ಅನ್ನಬೇಕು. ಇಷ್ಟೇ ಅವನ ಆಸೆ. ಅದಕ್ಕಾಗಿ ಒಬ್ಬ ಗಂಡಸು ಹನ್ನೊಂದು ವರ್ಷ ಮುದಿ ಸೊಪ್ಪು ತಿಂದನೆಂದರೆ ಮೆಚ್ಚಲೇಬೇಕು.

ಮಧ್ಯೆ ಹಂಸಾ ಮುನ್ನಾರಿಗೆ ಹೋಗೋಣ ಎಂದಳು, ಅಂಡಮಾನಿಗೆ ಹೋಗೋಣ ಎಂದಳು. ಅಚ್ಯುತ ಪ್ರತಿ ಸಲವೂ ಹೇಳಿದ್ದು ಒಂದೇ ಮಾತು: "ಇನ್ನೂ ಸ್ವಲ್ಪ ಪಾಯಿಂಟ್ಸ್ ಆಗ್ಲಿ." ಹಂಸಾ ಕಳಕ್ಕೂಟಂನ ಬ್ಯಾಂಕೊಂದರಲ್ಲಿ ಮ್ಯಾನೇಜರು, ದಿನವಿಡೀ ಬೇರೆಯವರ ಕಾಯುವಿಕೆ ನೋಡಿದವಳು. ಸುಮ್ಮನಾದಳು. ಬೀದಿಯ ಚೇಚಿಯ ಹತ್ತಿರ ಫೋನಿನಲ್ಲಿ ಚಕ್ ಎಂದು ಸ್ಕ್ಯಾನ್ ಮಾಡಿ ಬೆಂಡೆಕಾಯಿ ತರುತ್ತಿದ್ದಳು. ಅಚ್ಯುತ ಅದನ್ನು ಕಂಡಾಗಲೆಲ್ಲ ಮರುಗುತ್ತಿದ್ದ. ಒಂದು ಪಾಯಿಂಟೂ ಇಲ್ಲದೆ ಹೋಗುವ ಬೆಂಡೆಕಾಯಿ ಎಂದು ಅವನ ಮರುಕ.

ಅವನ ಗುರು ಕೊಚ್ಚಿಯ ಕಳಮಶ್ಶೇರಿಯಲ್ಲಿದ್ದ ನಿತ್ಯಾನಂದ. ಕಾಸರಗೋಡಿನ ಕಡೆಯವನು, ಕೇಂದ್ರ ಸರ್ಕಾರಿ ಕಚೇರಿಯ ಅಧಿಕಾರಿ, ಹೆಂಡತಿಯ ಜೊತೆ ಬಿಸಿನೆಸ್ ಕ್ಲಾಸಿನಲ್ಲಿ ಟೋಕಿಯೋಗೆ ಹೋಗಿಬಂದ ಮಹಾನುಭಾವ. ಯಾವ ತಿಂಗಳು ಪರಿವರ್ತಿಸಬೇಕು, ಯಾವ ಕಾರ್ಡಿಗೆ ಯಾವ ವಿಮಾನ ಕಂಪನಿ, ಎಲ್ಲಕ್ಕೂ ಅಚ್ಯುತ ಅವನಿಗೇ ಫೋನು ಮಾಡುತ್ತಿದ್ದ. ನಿತ್ಯಾನಂದ ಯಾವ ಪ್ರಶ್ನೆಗೂ ಒಡನೆ ಉತ್ತರ ಕೊಡುತ್ತಿರಲಿಲ್ಲ. "ಒಂದು ಅರ್ಧ ಗಂಟೆ ಬಿಟ್ಟು ಹೇಳ್ತೇನೆ ಮಾರಾಯ್ರೆ," ಎನ್ನುತ್ತಿದ್ದ. ಆಮೇಲೆ ಅವನು ಹೇಳಿದ್ದು ಯಾವತ್ತೂ ತಪ್ಪುತ್ತಿರಲಿಲ್ಲ. ಇದೇ ಧ್ಯಾನದ ಶಕ್ತಿ ಎಂದು ಅಚ್ಯುತ ಕೈಮುಗಿಯುತ್ತಿದ್ದ.

ಕಡೆಗೂ ಆ ಶುಭದಿನ ಬಂತು. ಹಂಸಾಳ ಹುಟ್ಟುಹಬ್ಬದ ವಾರದಲ್ಲೇ, ಕೊಚ್ಚಿಯಿಂದ ಸಿಂಗಪುರಕ್ಕೆ, ಬಿಸಿನೆಸ್ ಕ್ಲಾಸಿನಲ್ಲಿ, ಮೈಲಿ ಕೊಟ್ಟು ಪಡೆಯುವ ಎರಡೇ ಎರಡು ಸೀಟು ಕಣ್ಣಿಗೆ ಬಿದ್ದವು. ಅಚ್ಯುತ ಇದ್ದಬದ್ದ ಪಾಯಿಂಟ್ಸನ್ನೆಲ್ಲ ಮೈಲಿಗಳಾಗಿ ಮಾಡಿ ಎಂದು ಬ್ಯಾಂಕಿಗೆ ಆಜ್ಞೆ ಕೊಟ್ಟ. ಒಮ್ಮೆ ಹೋದ ಪಾಯಿಂಟ್ಸ್ ಹಿಂತಿರುಗುವುದಿಲ್ಲ, ಮೈಲಿಗಳು ಖಾತೆಗೆ ಬರಲು ಒಂದೆರಡು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರಬೇಕು. ಇದರಲ್ಲಿ ಮೂರನೆಯದೊಂದೇ ಅವನಿಂದ ಆಗಲಿಲ್ಲ. ನಿತ್ಯಾನಂದನಿಗೆ ಫೋನು ಮಾಡಿ, ದಿನಾಂಕ, ವಿಮಾನ, ಸೀಟು ಎಲ್ಲ ವರ್ಣಿಸಿ, "ಹಂಸಾಗೆ ಮಾತ್ರ ಹೇಳ್ಬೇಡಿ, ಅವಳಿಗೆ ಆಶ್ಚರ್ಯ ಆಗ್ಬೇಕು," ಎಂದು ಆಣೆ ಹಾಕಿಸಿದ.

ಮೈಲಿಗಳು ಬಂದ ಬೆಳಿಗ್ಗೆ ಅಚ್ಯುತ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಕಂಪ್ಯೂಟರ್ ತೆರೆದ. ಸೀಟುಗಳು ಇರಲಿಲ್ಲ. ಹಿಂದಿನ ದಿನವಿಲ್ಲ, ಮುಂದಿನ ದಿನವಿಲ್ಲ, ಆ ತಿಂಗಳಲ್ಲೇ ಇಲ್ಲ. ಅವನು ಕುರ್ಚಿಯಲ್ಲಿ ಎಷ್ಟು ಹೊತ್ತು ಕೂತಿದ್ದನೆಂದರೆ, ಅನಸೂಯಮ್ಮ ಬಂದು, "ರಾಕೆಟ್ ಏನಾದ್ರೂ ಬಿತ್ತೇನೋ?" ಎಂದು ಕೇಳಿದರು.

ರಾಕೆಟ್ ಬಿದ್ದಿದ್ದರೆ ವಿಚಾರಣಾ ಸಮಿತಿ ಇರುತ್ತಿತ್ತು. ಇಲ್ಲಿ ಸಮಿತಿಯೇ ಬೇಕಿರಲಿಲ್ಲ. ಆ ಸೀಟುಗಳ ಸುದ್ದಿ ಗೊತ್ತಿದ್ದದ್ದು ಜಗತ್ತಿನಲ್ಲಿ ಇನ್ನೊಬ್ಬನಿಗೆ ಮಾತ್ರ. ಅಚ್ಯುತ ರಜೆ ಹಾಕಿ, ತಂಪಾನೂರಿನಲ್ಲಿ ಸಿಕ್ಕ ರೈಲು ಹತ್ತಿ, ಕೊಲ್ಲಂ, ಆಲಪ್ಪುಳ ಎಲ್ಲ ಹಲ್ಲು ಕಡಿಯುತ್ತಲೇ ದಾಟಿ, ಎರ್ನಾಕುಲಂನಿಂದ ಮೆಟ್ರೊ ಹಿಡಿದು ಕಳಮಶ್ಶೇರಿಗೆ ಬಂದಿಳಿದ. (ಮೆಟ್ರೊ ಟಿಕೆಟ್ಟಿಗೆ ಕಾರ್ಡೇ ಕೊಟ್ಟ. ದುಃಖ ಬೇರೆ, ನಿಷ್ಠೆ ಬೇರೆ.)

"ಗುರುದ್ರೋಹ ಕೇಳಿದ್ದೆ ನಿತ್ಯಾನಂದರೇ, ಶಿಷ್ಯದ್ರೋಹ ಇವತ್ತೇ ನೋಡಿದ್ದು," ಎಂದ ಬಾಗಿಲಲ್ಲೇ.

ನಿತ್ಯಾನಂದನ ಮುಖ ಬಿಳಿಚಿತು. "ನೀವು ಮೊದಲು ಕೂತ್ಕೊಳ್ಳಿ ಮಾರಾಯ್ರೆ. ನಾನು ಆ ಸೀಟು ತಗೊಳ್ಳಲಿಲ್ಲ."

"ಮತ್ತೆ ಯಾರು ತಗೊಂಡ್ರು?"

"ನಾನು ಒಬ್ಬರ ಹತ್ರ ಮಾತ್ರ ಕೇಳಿದ್ದು. ಸ್ನೇಹಿತರೊಬ್ಬರಿಗೆ ಹೀಗೆ ಎರಡು ಸೀಟು ಕಂಡಿದೆ, ರಜೆಯ ಸಮಯದಲ್ಲಿ ಇಂಥಾದ್ದು ಸಿಗುವುದುಂಟಾ ಅಂತ. ನಿಮ್ಮ ಹೆಸರು ಹೇಳಲಿಲ್ಲ, ಆಣೆ ಹಾಕಿಸಿದ್ದಿರಲ್ಲ. ನನಗೆ ಎಂತ ಗೊತ್ತುಂಟು ಇದರಲ್ಲಿ? ನೀವು ಕೇಳಿದ ಪ್ರತಿಯೊಂದನ್ನೂ ನಾನು ಅವರ ಹತ್ರವೇ ಕೇಳಿ ನಿಮಗೆ ಹೇಳುವುದು. ನಾವು ಟೋಕಿಯೋಗೆ ಹೋದದ್ದೂ ಅವರು ಹೇಳಿಕೊಟ್ಟೇ."

"ಯಾರು ಅವರು?"

ನಿತ್ಯಾನಂದ ಕಿಟಕಿಯಾಚೆ ಮೆಟ್ರೊ ಹೋಗುವುದನ್ನು ನೋಡಿದ. ಅದು ಹೋದ ಮೇಲೂ ಅಲ್ಲೇ ನೋಡಿದ. "ನಿಮ್ಮ ಮನೆಯವರು," ಎಂದ.

ಅರ್ಧ ಗಂಟೆಯ ಧ್ಯಾನದ ಗುಟ್ಟು ಆಗ ಹೊರಬಿತ್ತು. ಹಿಂದೊಮ್ಮೆ ಎರ್ನಾಕುಲಂನ ಕನ್ನಡಿಗರು ಸೇರಿದ್ದ ಯುಗಾದಿ ಊಟದಲ್ಲಿ ಹಂಸಾ ನಿತ್ಯಾನಂದನ ಪಕ್ಕದ ಎಲೆಗೆ ಕೂತಿದ್ದಳಂತೆ. ಪಾಯಸ ಬರುವಷ್ಟರಲ್ಲಿ ಇಡೀ ವಿದ್ಯೆಯನ್ನು ಹೇಳಿಕೊಟ್ಟಿದ್ದಳಂತೆ. "ನಿಮಗೆ ಹೇಳಬಾರದು ಅಂತ ಅವರೇ ಹೇಳಿದ್ದು. 'ನಮ್ಮವರಿಗೆ ಬೇಜಾರಾಗ್ತದೆ, ಅವರೇ ಕಂಡುಹಿಡಿದ ಹಾಗೆ ಇರ್ಲಿ' ಅಂದ್ರು. ದೊಡ್ಡ ಮನಸ್ಸು ಮಾರಾಯ್ರೆ."

"ಅವಳು ಕಾರ್ಡೇ ಉಜ್ಜಲ್ಲವಲ್ಲ ನಿತ್ಯಾನಂದರೇ. ಬೀದೀಲಿ ಫೋನಿಂದ ಸ್ಕ್ಯಾನ್ ಮಾಡ್ತಾಳೆ ಅಷ್ಟೆ."

"ಆ ಫೋನಿಗೆ ಜೋಡಿಸಿದ್ದೇ ಕ್ರೆಡಿಟ್ ಕಾರ್ಡ್ ಅಲ್ವಾ. ಚೇಚಿಯ ಬೆಂಡೆಕಾಯಿಗೂ ಪಾಯಿಂಟ್ಸ್ ಬರ್ತದೆ. ಬ್ಯಾಂಕಿನವರೆಲ್ಲ ಸೇರಿ ಓಣಂ ಊಟ ಮಾಡಿದರೆ, ಪ್ರವಾಸ ಹೋದರೆ, ಕಾರ್ಡಿನಲ್ಲಿ ಕೊಡುವುದು ಇವರು. ಉಳಿದವರು ತಮ್ಮ ಪಾಲಿನ ದುಡ್ಡು ಇವರಿಗೆ ಕಳಿಸುವುದು. ಪಾಯಿಂಟ್ಸನ್ನು ಆಗಲೇ ಮೈಲಿ ಮಾಡಿಟ್ಟಿದ್ದರು, ಕಾಯಬೇಕಾಗಲಿಲ್ಲ. ನಿಮಗೆ ಗೊತ್ತಿರಲಿಲ್ವಾ?"

ಅಚ್ಯುತನಿಗೆ ಗೊತ್ತಿರಲಿಲ್ಲ. ಒಬ್ಬಳೇ ಹೆಂಡತಿ, ಒಂದೇ ಮನೆ, ಹನ್ನೊಂದು ವರ್ಷ, ಯಾವ ಖಾತೆಯಿಂದ ಹೋಗುತ್ತದೆ ಎಂದು ಒಂದು ಮಾತು ಕೇಳಿರಲಿಲ್ಲ. ತಿರುಗಿ ಬರುವ ರೈಲಿನಲ್ಲಿ ಅವನ ಕೋಪ ಆಲಪ್ಪುಳದವರೆಗೂ ಬಾಳಲಿಲ್ಲ. ಅದರ ಜಾಗದಲ್ಲಿ ಒಂದು ಬಗೆಯ ಬೆರಗು ಬಂದು ಕೂತಿತು. ಊರಾಚೆಗೆ ಸ್ಕೂಟರ್ ಓಡಿಸಿದ್ದಿಲ್ಲ, ಯಾರಿಗೂ ಉಪನ್ಯಾಸ ಕೊಟ್ಟಿದ್ದಿಲ್ಲ, ತಾಜಾ ಬೆಂಡೆಕಾಯಿ ತಿನ್ನುತ್ತಾ ತಿನ್ನುತ್ತಾ ಸಿಂಗಪುರ ಗೆದ್ದುಬಿಟ್ಟಿದ್ದಾಳೆ. ಇಂಥ ತಲೆ ನಮ್ಮ ಕೇಂದ್ರದಲ್ಲಿ ಇದ್ದಿದ್ದರೆ ಎಂದುಕೊಂಡ. ಮತ್ತೆ, ಇದ್ದರೂ ಅದು ತನಗೆ ಗೊತ್ತಾಗುತ್ತಿರಲಿಲ್ಲ ಎಂದುಕೊಂಡ.

ಒಂದು ಸಮಾಧಾನವೂ ಇತ್ತು. ಸೀಟುಗಳು ಎರಡು. ಒಂದು ಹಂಸಾಳದ್ದು. ಇನ್ನೊಂದು ಯಾರದೆಂದು ಯಾರಾದರೂ ಹೇಳಬಹುದು. ಅವನು ದಾರಿಯಲ್ಲಿ ಹಲ್ವ ತೆಗೆದುಕೊಂಡು, ಮನೆಗೆ ಬಂದು, ಆದಷ್ಟೂ ಗಂಭೀರವಾಗಿ ಕೇಳಿದ.

"ಸಿಂಗಪುರಕ್ಕೆ ನಮ್ಮಿಬ್ಬರಿಗೂ ಟಿಕೆಟ್ ತಗೊಂಡಿದ್ದೀಯಂತೆ?"

ಹಂಸಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. "ನಿತ್ಯಾನಂದರು ಹೇಳ್ಬಿಟ್ರಾ? ಹೌದು, ನಮ್ಮಿಬ್ಬರಿಗೇ. ನನಗೂ ಅಮ್ಮನಿಗೂ."

"ಅಮ್ಮನಿಗಾ?"

"ಯಾಕೋ, ನನಗೆ ಕಾಲಿಲ್ವಾ ಚಾಚಕ್ಕೆ?" ಎಂದರು ಅನಸೂಯಮ್ಮ, ಸೋಫಾದಲ್ಲಿ ಕೂತು ಹೊಸ ಕ್ಯಾನ್ವಾಸ್ ಶೂಗಳ ದಾರ ಕಟ್ಟುತ್ತಾ.

"ಅಮ್ಮನಿಗೆ ಪಾಸ್‌ಪೋರ್ಟ್ ಎಲ್ಲಿದೆ?"

"ಹೋದ ವರ್ಷವೇ ಆಯ್ತಲ್ಲ," ಎಂದಳು ಹಂಸಾ. "ಪೊಲೀಸ್‌ನವರು ವಿಚಾರಿಸೋಕೆ ಬಂದಿದ್ರು, ನೀವೇ ಕೂರಿಸಿಕೊಂಡು ಪಾಯಿಂಟ್ಸ್ ಬಗ್ಗೆ ಹೇಳಿದ್ರಿ. ಪಾಪ, ಅವರು ಬಂದ ಕೆಲಸಾನೇ ಮರೆತು ಹೋದ್ರು. ಇನ್ನೊಂದು ಸಲ ಬರ್ಬೇಕಾಯ್ತು."

ಅಚ್ಯುತ ಹಲ್ವದ ಪೊಟ್ಟಣವನ್ನು ಮೇಜಿನ ಮೇಲಿಟ್ಟ. "ಆ ಸೀಟು ಹುಡುಕಿದ್ದು ನಾನು ಹಂಸಾ. ನಿತ್ಯಾನಂದರು ಹೇಳಿದ ಸ್ನೇಹಿತ ನಾನೇ. ನಿನ್ನನ್ನ ಕರ್ಕೊಂಡು ಹೋಗ್ಬೇಕು ಅಂತಿದ್ದೆ. ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ?"

ಹಂಸಾ ಗಲಿಬಿಲಿಗೊಂಡಳು. ಅವಳಿಗೂ ಅದು ಹೊಸ ಸುದ್ದಿ. ಬಂದು ಅವನ ಪಕ್ಕ ಕೂತಳು. "ಅಯ್ಯೋ ನನಗೆ ಗೊತ್ತಿರಲಿಲ್ಲ ಕಣ್ರೀ. ನಿಮ್ಮನ್ನ ಕೇಳಿದ್ರೆ 'ಇನ್ನೂ ಸ್ವಲ್ಪ ಪಾಯಿಂಟ್ಸ್ ಆಗ್ಲಿ' ಅಂತೀರಿ ಅಂದ್ಕೊಂಡೆ. ಅಮ್ಮನ್ನ ಕೇಳಿದೆ. 'ಯಾವಾಗ?' ಅಂದ್ರು."

ಅನಸೂಯಮ್ಮ ಶೂ ಹಾಕಿಕೊಂಡು ಒಂದು ಸುತ್ತು ನಡೆದು ತೋರಿಸಿದರು. ಆ ನಡಿಗೆ ನೋಡಿದ ಮೇಲೆ, ನೀನು ಬಿಟ್ಟುಕೊಡು ಎಂದು ಹೇಳುವ ಧೈರ್ಯ ಯಾವ ಮಗನಿಗೂ ಬರುತ್ತಿರಲಿಲ್ಲ.

ಆದರೆ ಹನ್ನೊಂದು ವರ್ಷದ ಕನಸನ್ನು ವಿಮಾನ ನಿಲ್ದಾಣದಲ್ಲಿ ಕೈಬೀಸಿ ಕಳಿಸಿಬಿಡುವುದು ಅವನಿಂದಾಗಲಿಲ್ಲ. ಹಂಸಾ ಮಲಗಿ ಏಳುವಾಗ ತಾನು ಅದೇ ವಿಮಾನದಲ್ಲಾದರೂ ಇರಬೇಕು. ಹುಡುಕಿದ. ಸಾಮಾನ್ಯ ದರ್ಜೆಯಲ್ಲಿ ಕೊನೆಯ ಸಾಲಿನ ನಡುವಿನ ಸೀಟು, ಶೌಚಾಲಯದ ಬಾಗಿಲಿಗೆ ಆತುಕೊಂಡದ್ದು, ಒಂದು ಉಳಿದಿತ್ತು. ಕೊನೆಗೆ ಉಳಿದದ್ದಕ್ಕೇ ಬೆಲೆ ಹೆಚ್ಚು. ಎರಡು ಹಾಸಿಗೆಗೆಂದು ಕೂಡಿಟ್ಟ ಮೈಲಿಗಳೆಲ್ಲ, ಒಂದೂ ಮಿಗದಂತೆ, ಆ ಒಂದು ಕುರ್ಚಿಗೆ ಹೋದವು. ನಿತ್ಯಾನಂದ ಫೋನಿನಲ್ಲಿ, "ಇದು ಒಳ್ಳೆಯ ವ್ಯವಹಾರವಾ ಅಂತ ಒಮ್ಮೆ ಅವರ ಹತ್ರ ಕೇಳಿ ಹೇಳ್ಲಾ?" ಎಂದ. ಬೇಡ ಎಂದ ಅಚ್ಯುತ.

ವಿಮಾನ ಹೊರಟದ್ದು ಬೆಳಿಗ್ಗೆ. ಅತ್ತೆ ಸೊಸೆಯರು ಎಡಕ್ಕೆ ತಿರುಗಿ ತಣ್ಣನೆಯ ಪಾನಕ ಕುಡಿಯುತ್ತಾ ಕೂತರು. ಅಚ್ಯುತ ಬಲಕ್ಕೆ ತಿರುಗಿ ನಡೆದ, ನಡೆದ, ವಿಮಾನ ಮುಗಿಯುವವರೆಗೂ ನಡೆದ. ಎರಡೂ ಕಡೆ ದಪ್ಪನೆಯ ಗೃಹಸ್ಥರಿದ್ದರು. ಅವನ ಮೊಣಕಾಲು ಮುಂದಿನ ಸೀಟಿಗೆ ಒತ್ತಿಕೊಂಡಿತ್ತು.

ಊಟ ಬಂದು, ಅವನು ಮೊಸರಿನ ಬಟ್ಟಲಿನ ಮುಚ್ಚಳ ಎತ್ತುವ ಹೊತ್ತಿಗೆ ಪರದೆ ಸರಿಸಿಕೊಂಡು ಹಂಸಾ ಬಂದಳು. ಕಾಲಿಗೆ ವಿಮಾನದವರ ಮೆತ್ತನೆಯ ಚಪ್ಪಲಿ. ಕೂದಲು ಒಂದು ಕಡೆ ಒತ್ತಿಹೋಗಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆ.

"ಮಲಗಿದ್ದೆ ಕಣ್ರೀ," ಎಂದಳು ಮೆಲ್ಲಗೆ. "ಕಾಲು ಪೂರ್ತಿ ಚಾಚಿದೆ. ಇನ್ನೂ ಒಂದು ಗೇಣು ಜಾಗ ಇತ್ತು."

ಆ ಮುಖದಲ್ಲಿದ್ದ ನಿದ್ದೆಯ ಸುಖ ಅಚ್ಯುತ ಇಷ್ಟು ವರ್ಷ ಊಹಿಸಿದ್ದಕ್ಕಿಂತ ಚೆನ್ನಾಗಿತ್ತು. ತನ್ನ ಪಾಯಿಂಟ್ಸಿನಿಂದ ಆದದ್ದಲ್ಲ ಎಂಬ ಕೊರಗು ಇಲ್ಲದಿರಲಿಲ್ಲ, ಆದರೆ ಸಂತೋಷವೇ ದೊಡ್ಡದಾಗಿತ್ತು. "ನಿನ್ನಷ್ಟು ಜಾಣೆ ಇನ್ನೊಬ್ಬಳಿಲ್ಲ ಹಂಸಾ," ಎಂದ. ಮನಸಾರೆ ಹೇಳಿದ ಮಾತು.

ಹಂಸಾ ನಕ್ಕಳು. ಬಾಗಿ, ಅವನ ಮುಖವನ್ನು ನೋಡಿ, ಆಮೇಲೆ ಅವನ ತಟ್ಟೆಯನ್ನು ನೋಡಿದಳು. "ಅದು ಮೊಸರಾ?"

"ಹೌದು."

"ಕೊಡಿ. ಅಮ್ಮನಿಗೆ ಮುಂದೆ ಏನೇನೋ ತಂದುಕೊಟ್ರು, ಮೊಸರೊಂದು ಇಲ್ಲ. ಆಗ್ಲಿಂದ ಗೊಣಗ್ತಾ ಇದ್ದಾರೆ."

ಕೊಟ್ಟ. ಅವಳು ಹೋದ ಮೇಲೆ ತಟ್ಟೆಯಲ್ಲಿ ಉಪ್ಪಿನಕಾಯಿಯ ಪುಟ್ಟ ಪೊಟ್ಟಣ ಕಂಡಿತು. ಬರೀ ಮೊಸರನ್ನ ಅಮ್ಮನಿಗೆ ಸೇರುವುದಿಲ್ಲ. ಪಕ್ಕದ ಗೃಹಸ್ಥರನ್ನು ಎಬ್ಬಿಸಿ, ಉದ್ದದ ಹಾದಿ ನಡೆದು ಪರದೆಯ ಹತ್ತಿರ ಬಂದ. ವಿಮಾನದ ಹುಡುಗಿ ವಿನಯದಿಂದ ಕೈ ಅಡ್ಡ ಹಿಡಿದಳು. ಮುಂದಿನದು ಬಿಸಿನೆಸ್ ಕ್ಲಾಸಿನವರಿಗೆ ಮಾತ್ರ, ನಾನೇ ತಲುಪಿಸುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿ ಪೊಟ್ಟಣ ಪಡೆದು ಒಳಗೆ ಹೋದಳು. ಪರದೆಗೆ ಅಂಟಿದ ಸಾಲಿನಲ್ಲೇ ಅನಸೂಯಮ್ಮನ ಧ್ವನಿ ಕೇಳಿತು.

"ಏನಂತೆ ಹಂಸಾ?"

"ಹಿಂದಿನ ಸೀಟಿನವರು ಯಾರೋ ನಿಮಗೆ ಅಂತ ಉಪ್ಪಿನಕಾಯಿ ಕಳಿಸಿದ್ದಾರಂತೆ ಅಮ್ಮ," ಎಂದಳು ಹಂಸಾ, ನಗು ತಡೆದ ಧ್ವನಿಯಲ್ಲಿ.

"ಯಾರೋ ಪುಣ್ಯಾತ್ಮ, ಚೆನ್ನಾಗಿರಲಿ," ಎಂದರು ಅನಸೂಯಮ್ಮ. "ನಮ್ಮ ಅಚ್ಯುತನಿಗೆ ಹೇಳು, ಇಂಥವರನ್ನ ನೋಡಿ ಕಲೀಲಿ ಅಂತ."