ಅವಳಿಯಲ್ಲೊಂದಕ್ಕೆ ಹುಷಾರಿಲ್ಲ

ಆನ್‌ಲೈನ್ ಮೀಟಿಂಗ್ ನಡುವೆ ಇಂಟರ್ನೆಟ್ ಹೋಗಬಹುದಿತ್ತು. ಆಸ್ಟ್ರೇಲಿಯಾ ಒಂದೇ ದೇಶವಾದರೂ ಬ್ರಿಸ್ಬೇನಿನ ಗಡಿಯಾರ ನಮ್ಮ ಪರ್ತ್‌ಗಿಂತ ಮುಂದೆ, ಅಡಿಲೇಡಿನದಕ್ಕೆ ಅರ್ಧ ಗಂಟೆಯ ಕೊಸರು ಬೇರೆ. ಆ ಅರ್ಧ ಗಂಟೆಯನ್ನು ಕೂಡುವ ಬದಲು ನಾನು ಕಳೆದುಬಿಡಬಹುದಿತ್ತು. ಮೈಕ್ ಆನ್ ಇರುವಾಗಲೇ ಕುಕ್ಕರ್ ಕೂಗಬಹುದಿತ್ತು. ಅಷ್ಟರಲ್ಲಿ ಉಪಗ್ರಹವೇ ಬೀಳಬಹುದಿತ್ತು. ಬಿದ್ದರೆ ಹ್ಯಾರಿಸ್‌ಡೇಲಿನ ನಮ್ಮ ಮನೆಯ ಮೇಲೆಯೇ ಬೀಳುತ್ತದೆಂದು ನನಗೆ ಖಾತ್ರಿ.

ನನ್ನ ಕಸುಬೇ ಅಂಥದ್ದು. ಒಂದರ ಹಿಂದೊಂದು ಸುತ್ತುವ ಅವಳಿ ಉಪಗ್ರಹಗಳು ಭೂಮಿಯ ಸೆಳೆತವನ್ನು ಅಳೆಯುತ್ತವೆ. ನೀರು ಕಡಿಮೆಯಾದಲ್ಲಿ ಸೆಳೆತವೂ ಕಡಿಮೆ; ಅದರಿಂದ ನೆಲದಡಿಯ ನೀರು ಎಷ್ಟು ಇಳಿಯಿತೆಂದು ನಾನು ಲೆಕ್ಕ ಹಾಕುತ್ತೇನೆ. ಆದರೆ ಅಷ್ಟೆತ್ತರದಲ್ಲೂ ತೆಳುಗಾಳಿ ತಡೆಯುತ್ತದೆ, ಬಿಸಿಲು ತಳ್ಳುತ್ತದೆ. ಈ ಚಿಲ್ಲರೆ ನೂಕಾಟವನ್ನು ಅಳೆದು ಲೆಕ್ಕದಿಂದ ಕಳೆಯಲೆಂದು ಎರಡರ ಹೊಟ್ಟೆಯಲ್ಲೂ ಒಂದೊಂದು ಆಕ್ಸೆಲೆರೋಮೀಟರ್ ಇದೆ. ಸೋಕಿದರೆ ಸಾಕು, ಬೆಚ್ಚಿಬೀಳುವ ಯಂತ್ರ. ನನಗೂ ಅದಕ್ಕೂ ಜಾತಕ ಚೆನ್ನಾಗಿ ಕೂಡುತ್ತದೆ. ಅವಳಿಯಲ್ಲೊಂದರ ಯಂತ್ರ ಈಚೆಗೆ ಕಾರಣವಿಲ್ಲದೆಯೂ ಬೆಚ್ಚತೊಡಗಿದೆ. ಆರೋಗ್ಯವಾಗಿರುವ ಇನ್ನೊಂದರ ಅಳತೆಯನ್ನೇ ಕೊಂಚ ತಿದ್ದಿ ಇದಕ್ಕೂ ಹಚ್ಚಬೇಕು. ಆ ತಿದ್ದುವಿಕೆಗೆ ನಾನೊಂದು ಹೊಸ ದಾರಿ ಹುಡುಕಿದ್ದೆ. ಬ್ರಿಸ್ಬೇನ್, ಅಡಿಲೇಡಿನವರು ಅಂದು ಒಪ್ಪಿದರೆ ಸರಿ, ಇಲ್ಲವಾದರೆ ವರ್ಷದ ದುಡಿಮೆ ಕಸದಬುಟ್ಟಿಗೆ.

ಹೆಂಡತಿ ವಸುಧಾಗೆ ಇದನ್ನೆಲ್ಲ ವಿವರಿಸಿದೆ. “ಅಂದ್ರೆ ಅಣ್ಣನ ಬಿ.ಪಿ. ನೋಡಿ ತಮ್ಮಂಗೆ ಮಾತ್ರೆ ಕೊಟ್ಟಂಗಾಯ್ತು. ಒಪ್ತಾರೇನ್ರೀ ಇದನ್ನ?” ಎಂದಳು. ಆ ಗಳಿಗೆಯಲ್ಲಿ ನನ್ನ ಬಿ.ಪಿ.ಯನ್ನು ಯಾರೂ ನೋಡಲಿಲ್ಲ, ಪುಣ್ಯ.

ಆಶ್ಚರ್ಯವೆಂದರೆ ಮೀಟಿಂಗಿನಲ್ಲಿ ಇಂಟರ್ನೆಟ್ ಹೋಗಲಿಲ್ಲ, ಕುಕ್ಕರ್ ಕೂಗಲಿಲ್ಲ. ಬ್ರಿಸ್ಬೇನಿನ ಸಹೋದ್ಯೋಗಿ ಗ್ರೆಗ್ ಕೇಳಿದ್ದಕ್ಕೆಲ್ಲ ಉತ್ತರವೂ ಹೊಳೆಯಿತು. ಅಡಿಲೇಡಿನ ಮುಖ್ಯಸ್ಥೆ ಹೆಲೆನ್, “ಚೆನ್ನಾಗಿದೆ. ಗ್ರೆಗ್, ನೀನೇನಂತೀಯ?” ಎಂದರು. ‘ಚೆನ್ನಾಗಿದೆ’ ಎಂಬುದಷ್ಟೇ ನನ್ನ ಕಿವಿಗೆ ಬಿದ್ದದ್ದು. ಅವರು ಮನಸ್ಸು ಬದಲಾಯಿಸುವ ಮೊದಲೇ ಎದ್ದುಬಿಡೋಣವೆಂದು “ಓಕೆ, ಐ ವಿಲ್ ಕಮ್” ಎಂದು ಲ್ಯಾಪ್‌ಟಾಪ್ ಮುಚ್ಚಿದೆ. ಹೊರಡುವಾಗ ‘ಹೋಗ್ತೀನಿ’ ಎಂದು ಅಪಶಕುನ ನುಡಿಯದೆ ‘ಬರ್ತೀನಿ’ ಎಂದೇ ಬೆಳೆದ ಮೈಸೂರಿನ ನಾಲಗೆ. ಇಂಗ್ಲಿಷಿನಲ್ಲೂ ಅದಕ್ಕೆ ಅದೇ ಭಯ.

ಸಂಜೆ ಗ್ರೆಗ್‌ನ ಫೋನು. “ಎಲ್ಲಿಗೆ ಹೋದೆ, ಮೇಟ್? ಬರ್ತೀನಿ ಅಂದ್ಯಲ್ಲ, ಇನ್ನೊಂದು ಗ್ರಾಫ್ ತರೋಕೆ ಹೋಗಿದ್ದೀಯ ಅಂತ ಕಾದೇ ಕಾದ್ವಿ. ನಿಂಗೇ ಏನೋ ತಪ್ಪು ಕಂಡಿರ್ಬೇಕು ಅಂತ ಹೆಲೆನ್‌ಗೆ ಅನುಮಾನ. ತೀರ್ಮಾನ ಮುಂದಿನ ವಾರಕ್ಕೆ ಹೋಯ್ತು.”

ವಿವರಿಸಲು ಬಾಯಿ ತೆರೆದೆ. ಗಾಬರಿಯಲ್ಲಿ ನಾಲಗೆ ಮತ್ತೆ ಹಳೆಯ ದಾರಿಯನ್ನೇ ಹಿಡಿಯಿತು. “ಸಾರಿ, ಗ್ರೆಗ್. ಐ ವಿಲ್ ಕಮ್” ಎಂದು ಫೋನಿಟ್ಟುಬಿಟ್ಟೆ.